ಕುರ್ಚಿಯಿಂದ ಬಂದ ಮಾತು

ನಮ್ಮ ಊರಿನ ಹಳೆಯ ಭಾಗದಲ್ಲಿ ಓಣಿಗಳು ಎರಡು. ಕೋಟೆ ಓಣಿ ಮೇಲೆ, ಹರಿಗೋಲು ಓಣಿ ಕೆಳಗೆ, ಹೊಳೆಯ ದಂಡೆಗೆ. ನಡುವೆ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲು ಎಂಬತ್ತು ಎಂದು ಪರಂಪರೆ ಸಮಿತಿಯವರು ನಿಲ್ಲಿಸಿದ ಫಲಕ ಹೇಳುತ್ತದೆ. ನಾನು ಎಣಿಸಿದಾಗ ಎಂಬತ್ತಮೂರು ಬಂತು. ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದೆ, ಆಗಲೂ ಎಂಬತ್ತಮೂರೇ. ಆದರೆ ಫಲಕ ಗ್ರಾನೈಟಿನದು, ನಾನು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಯಾರ ಲೆಕ್ಕ ಸರಿಯಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಸಿಗರಿಗೆ ಎಂಬತ್ತೆಂದೇ ಹೇಳುತ್ತೇನೆ.

ಕೋಟೆ ಓಣಿಯಲ್ಲಿ ಆಡಿದ ಮಾತು ಮುಕ್ಕಾಲು ಗಂಟೆ ಬಿಟ್ಟು ಕೇಳಿಸುತ್ತದೆ. ಮಾತು ಮಾತ್ರ. ಕೆಮ್ಮು, ಸೀನು, ಪಾತ್ರೆ ಬಿದ್ದದ್ದು, ಗುಡಿಯ ಗಂಟೆ ಎಲ್ಲ ಆಗಿಂದಾಗಲೇ ಕೇಳುತ್ತವೆ. ಮಾತನ್ನು ಎಲ್ಲಿ ನಿಂತು ಆಡಿದರೋ ಅದೇ ಜಾಗದಿಂದ, ಮುಕ್ಕಾಲು ಗಂಟೆಯ ಮೇಲೆ ಅದು ಹೊರಡುತ್ತದೆ. ಆಡಿದವರು ಅಷ್ಟರಲ್ಲಿ ಪೇಟೆಗೆ ಹೋಗಿರಲಿ, ಮಲಗಿರಲಿ, ಅದಕ್ಕೆ ಸಂಬಂಧವಿಲ್ಲ. ಕೋಟೆಯವರು ಇದಕ್ಕೆ ಎಷ್ಟು ಹೊಂದಿಕೊಂಡಿದ್ದಾರೆಂದರೆ, ಇದನ್ನು ಸಂಸ್ಕಾರ ಎಂದು ಕರೆಯುತ್ತಾರೆ. ಆಡಿದ ಕೂಡಲೇ ಕೇಳಿಸುವ ಮಾತು ಅವರಿಗೆ ಕೈ ತೊಳೆಯದೆ ಉಂಡ ಹಾಗೆ. ಅಲ್ಲಿ ಗಂಡ ಹೆಂಡಿರ ಜಗಳ ನಡೆಯುವುದೇ ಇಲ್ಲ ಎಂಬ ಪ್ರಸಿದ್ಧಿ ಇದೆ. ನಡೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಹೇಳಬೇಕಾದದ್ದನ್ನೆಲ್ಲ ಹೇಳುತ್ತಾಳೆ, ಗಂಡ ಕೊಡೆ ಹಿಡಿದು ಕಚೇರಿಗೆ ನಡೆಯುತ್ತಾನೆ, ಒಂಬತ್ತೂ ಮುಕ್ಕಾಲಿಗೆ ಅಡುಗೆಮನೆಯಲ್ಲಿ ಬೈಗುಳ ಶುರುವಾದಾಗ ಕೇಳುವುದಕ್ಕೆ ಬೈದವಳೊಬ್ಬಳೇ ಉಳಿದಿರುತ್ತಾಳೆ. ತರಕಾರಿ ಮಾರುವವರು ಮೊದಲು ಬರಿಗೈಯಲ್ಲಿ ಬಂದು ಓಣಿಯುದ್ದಕ್ಕೂ ಬಾಯಿ ತೆರೆದು ಕೂಗಿ ಹೋಗುತ್ತಾರೆ, ಆಮೇಲೆ ಬುಟ್ಟಿ ಹೊತ್ತು ಇನ್ನೊಂದು ಸುತ್ತು ಬರುತ್ತಾರೆ. ಹೊಸಬನೊಬ್ಬ ಬುಟ್ಟಿ ಹೊತ್ತೇ ಕೂಗಿದರೆ ಅವನು ಮನೆ ಸೇರುವ ಹೊತ್ತಿಗೆ ಇತ್ತ ಹೆಂಗಸರು ಬಾಗಿಲಿಗೆ ಬಂದು ಖಾಲಿ ಬೀದಿಯಲ್ಲಿ ಬದನೆಕಾಯಿ ಹುಡುಕುತ್ತಿರುತ್ತಾರೆ.

ಹರಿಗೋಲು ಓಣಿಯಲ್ಲಿ ಮಾತು ಸಾಮಾನ್ಯ ಮಾತೇ. ಆಡಿದೊಡನೆ ಕೇಳುತ್ತದೆ, ಕೆಲವು ಸಲ ಆಡುವ ಮೊದಲೇ ಎದುರಿನವರು ಉತ್ತರ ಕೊಟ್ಟಿರುತ್ತಾರೆ. ನಾಲ್ಕು ಜನ ಏಕಕಾಲಕ್ಕೆ ಮಾತಾಡುತ್ತಾರೆ, ಐದನೆಯವರು ಎಲ್ಲರಿಗೂ ಸುಮ್ಮನಿರಲು ಹೇಳುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಟೆಯ ಜನ ಅಲ್ಲಿಗಿಳಿದರೆ ಎರಡೂ ಕಿವಿ ಮುಚ್ಚಿಕೊಂಡು ಮೇಲಕ್ಕೆ ಬರುತ್ತಾರೆ. ಕೆಳಗಿನವರು ಕೋಟೆಗೆ ಹೋದರೆ ಮೀನಿನ ಬುಟ್ಟಿ ಇಳಿಸಿ, ಬಾಯಿ ತೆರೆಯದೆ ಬರುತ್ತಾರೆ.

ನನ್ನ ಕೆಲಸ ಈ ಎರಡೂ ಓಣಿಗಳನ್ನು ಪ್ರವಾಸಿಗರಿಗೆ ತೋರಿಸುವುದು. ಪರಂಪರೆ ಸಮಿತಿ ನನ್ನನ್ನು ಎಂಟು ವರ್ಷದ ಹಿಂದೆ ನೇಮಿಸಿತು. ಕೋಟೆಯ ವಿದ್ಯಾವಂತ ತರುಣರು ಯಾರೂ ಅರ್ಜಿ ಹಾಕಲಿಲ್ಲ, ಬಿಸಿಲಲ್ಲಿ ನಡೆಯಬೇಕಿತ್ತು. ಕೋಟೆಯಲ್ಲಿ ಮಾರ್ಗದರ್ಶನ ಮಾಡುವುದಕ್ಕೆ ಒಂದು ಕ್ರಮ ಬೇಕು. ಬಸ್ಸು ಬರುವ ಮೊದಲು ನಾನೊಬ್ಬನೇ ಹೋಗಿ ಹೆಬ್ಬಾಗಿಲು, ಬಾವಿ, ಚಾವಡಿ, ಬುರುಜು, ಹೀಗೆ ಒಂದೊಂದು ಕಡೆಯೂ ನಿಂತು, ಎದುರಿಗೆ ಯಾರೂ ಇಲ್ಲದಿದ್ದರೂ ಕೈ ಮಾಡಿ ತೋರಿಸುತ್ತ, ಇತಿಹಾಸವನ್ನೆಲ್ಲ ಹೇಳಿ ಮುಗಿಸುತ್ತೇನೆ. ಪ್ರತಿಯೊಂದರ ಗಂಟೆ ನಿಮಿಷವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಜನರನ್ನು ಕರೆತಂದು ಅದೇ ಜಾಗಗಳಲ್ಲಿ ತುಟಿ ಬಿಗಿದು ನಿಂತರೆ ನನ್ನದೇ ಧ್ವನಿ ನನ್ನ ಪಕ್ಕದಿಂದ ಪಾಠ ಒಪ್ಪಿಸುತ್ತದೆ. ಒಬ್ಬ ಅಜ್ಜ ಮೂತ್ರಕ್ಕೆಂದು ಮರೆಗೆ ಹೋದರೂ ಸಾಕು, ಬಾವಿಯ ಕಥೆ ಬಾವಿಗೇ ಹೇಳಿದಂತಾಗುತ್ತದೆ. ಮುಕ್ಕಾಲು ಗಂಟೆಯ ಹಿಂದಿನ ನನ್ನ ಧ್ವನಿ ಕೇಳುವಾಗೆಲ್ಲ ನನಗೆ ಇಸವಿ ತಪ್ಪು ಹೇಳಿದೆನೇನೋ ಎಂಬ ಅಳುಕು. ಹೇಳಿದ್ದರೂ ತಿದ್ದಲು ಆಗುವುದಿಲ್ಲ. ತಿದ್ದಿದರೆ ಆ ತಿದ್ದುಪಡಿ ಮುಂದಿನ ಬಸ್ಸಿನವರಿಗೆ ಸಿಗುತ್ತದೆ.

ಕೋಟೆ ಮುಗಿಸಿ ಮೆಟ್ಟಿಲಿಳಿದರೆ ನನಗೆ ಉಸಿರು ಬರುತ್ತದೆ. ಕೆಳಗೆ ಕೊನೆಯ ಮೆಟ್ಟಿಲಿಗೆ ತಾಗಿದಂತೆಯೇ ಹುಲಿಗೆವ್ವನ ಅಂಗಳ. ಅರವತ್ತು ದಾಟಿದ ಹೆಂಗಸು. ಅವಳ ಗಂಡ ಹರಿಗೋಲು ನಡೆಸುತ್ತಿದ್ದ, ಅವಳು ಹೆಣೆಯುತ್ತಿದ್ದಳು. ಅವನು ಹೋದ ಮೇಲೂ ಅವಳು ಹೆಣೆಯುವುದನ್ನು ಬಿಟ್ಟಿಲ್ಲ. ಹೊಳೆಯಲ್ಲಿ ಈಗ ಓಡಾಡುವ ಹದಿನಾರು ಹರಿಗೋಲುಗಳೂ ಅವಳ ಕೈಯವೇ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಚಕ್ರದ ಕಡ್ಡಿಗಳಂತೆ ಹರಡಿ ನಡುವಿನಿಂದ ಹೆಣೆಯುತ್ತ ಬಂದು, ಅಂಚನ್ನು ಮೇಲಕ್ಕೆ ಬಗ್ಗಿಸಿ ಕಟ್ಟಿ, ಆಮೇಲೆ ಬೋರಲು ಹಾಕಿ ಹೊರಮೈಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಡಾಂಬರು ಬಳಿಯುತ್ತಾಳೆ. ಡಾಂಬರು ಒಣಗಲು ನಾಲ್ಕು ದಿನ ಬೇಕು. ಇದಕ್ಕೆಲ್ಲ ಸಮತಟ್ಟಾದ ನೆಲ ಬೇಕು, ನೀರು ಹತ್ತಿರವಿರಬೇಕು. ಕಲ್ಲುಬಂಡೆಯ ಆ ದಂಡೆಯಲ್ಲಿ ಅಂಥ ನೆಲ ಅವಳ ಅಂಗಳ ಒಂದೇ.

ಪ್ರವಾಸಿಗರಿಗೆ ಅವಳು ಒಣಗುವ ಹರಿಗೋಲಿನ ಕೆಳಗೆ ತಲೆ ಹಾಕಿ ನೋಡಲು ಬಿಡುತ್ತಿದ್ದಳು. ನನಗೆ ಮಾತ್ರ ಪ್ರತಿದಿನವೂ ಪರೀಕ್ಷೆ. ನಾನು ಜನರ ಎದುರಿಗೆ ವಿವರಿಸುತ್ತಿದ್ದರೆ ನಡುವೆಯೇ ತಿದ್ದುವಳು. ಬಿದಿರನ್ನು ಎರಡು ದಿನ ನೀರಲ್ಲಿ ನೆನೆಸುತ್ತಾರೆ ಎಂದರೆ, ಎರಡಲ್ಲ ಮೂರು ಎನ್ನುವಳು. ಮರುದಿನ ಮೂರೆಂದರೆ, ಬೇಸಿಗೆಯೊಳಗ ಎರಡ ಸಾಕು ಎನ್ನುವಳು. ಅವಳು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದಳು. ಅದರಲ್ಲಿ ಗೌರವ ಎಷ್ಟಿತ್ತು ಎಂದು ನಾನು ವಿಚಾರಿಸಲು ಹೋಗಿಲ್ಲ.

ಆ ವರ್ಷ ಸಮಿತಿಗೆ ಒಂದು ಆಸೆ ಹುಟ್ಟಿತು. ಸಮಿತಿಯ ಅಧ್ಯಕ್ಷರು ಗುಂಡೇರಾವ್ ಜಾಗೀರದಾರರು. ಜಾಗೀರು ಹೋಗಿ ಮೂರು ತಲೆಮಾರಾಗಿದೆ, ಆ ಸುದ್ದಿ ಅವರ ಮನೆಯಲ್ಲಿ ಇನ್ನೂ ಕೇಳಿಸಿಲ್ಲ. ಹೊಳೆಯ ದಂಡೆಯಲ್ಲಿ ಒಂದು ವೀಕ್ಷಣಾ ಕಟ್ಟೆ ಕಟ್ಟಬೇಕು, ಕಲ್ಲಿನ ಬೆಂಚು ಹಾಕಬೇಕು, ಬುರುಜಿನ ಮೇಲೆ ನಿಂತವರಿಗೆ ಹೊಳೆ ಯಾವ ಅಡ್ಡಿಯೂ ಇಲ್ಲದೆ ಕಾಣಬೇಕು ಎಂದು ಅವರು ಬರೆದರು. ಅಡ್ಡಿ ಎಂದರೆ ಹುಲಿಗೆವ್ವನ ಅಂಗಳ, ಅದರಲ್ಲಿ ಬೋರಲು ಬಿದ್ದ ಹರಿಗೋಲುಗಳು, ಅವಳ ತಗಡಿನ ಮನೆ. ಪರಂಪರೆಯನ್ನು ಉಳಿಸಲು ಪರಂಪರೆಯ ದಾರಿಯಿಂದ ಹರಿಗೋಲುಗಳನ್ನು ತೆಗೆಯಬೇಕು ಎಂಬುದು ಅರ್ಜಿಯ ಸಾರಾಂಶ. ಕಟ್ಟೆಯ ಮೇಲೆ ಸಿಮೆಂಟಿನದೊಂದು ಹರಿಗೋಲು ಮಾಡಿಸಿ ಇಡುವುದಾಗಿಯೂ ಅದರಲ್ಲಿತ್ತು. ಅದು ಒಣಗಬೇಕಾಗಿಲ್ಲ, ನೀರಿಗೆ ಇಳಿಯಬೇಕಾಗಿಯೂ ಇಲ್ಲ.

ಆ ಅರ್ಜಿಯ ಪ್ರತಿ ನನ್ನ ಕೈಗೂ ಬಂತು. ಎರಡನೆಯ ಪುಟದಲ್ಲಿ, ಐತಿಹಾಸಿಕ ಆಧಾರ ಎಂಬ ತಲೆಬರಹದ ಕೆಳಗೆ, ಒಂದೇ ಒಂದು ಆಧಾರ ಕೊಟ್ಟಿದ್ದರು: ‘ಅರಸರ ಕಾಲದಲ್ಲಿ ಈ ಬುರುಜಿನಿಂದ ಹೊಳೆಯವರೆಗೆ ದೃಷ್ಟಿಗೆ ಒಂದು ಹುಲ್ಲುಕಡ್ಡಿಯ ಅಡ್ಡಿಯೂ ಇರಲಿಲ್ಲ ಎಂದು ಸಮಿತಿಯ ಅಧಿಕೃತ ಮಾರ್ಗದರ್ಶಕರು ಎಂಟು ವರ್ಷಗಳಿಂದ ಪ್ರತಿದಿನ ತಿಳಿಸುತ್ತ ಬಂದಿದ್ದಾರೆ.’

ಆ ಸಾಲು ನನ್ನದೇ. ಕೆಲಸಕ್ಕೆ ಸೇರಿದ ಮೊದಲ ವಾರ ಬುರುಜಿನ ಮೇಲೆ ನಿಂತಾಗ ಹೇಳುವುದಕ್ಕೆ ಏನೂ ಸಾಲದೆ ನಾನೇ ಕಟ್ಟಿದ್ದೆ. ಯಾವ ಶಾಸನದಲ್ಲೂ ಇಲ್ಲ, ಯಾವ ಬಖೈರಿನ ಚರಿತ್ರೆಯಲ್ಲೂ ಇಲ್ಲ. ಹುಲ್ಲುಕಡ್ಡಿ ಎಂಬ ಮಾತು ಕಿವಿಗೆ ಚೆನ್ನಾಗಿ ಬಿತ್ತು, ಜನ ಅದನ್ನು ಕೇಳಿ ತಲೆಯಾಡಿಸಿದರು, ಉಳಿದುಕೊಂಡಿತು. ಮೆಟ್ಟಿಲನ್ನು ಎರಡೆರಡು ಸಲ ಎಣಿಸುವ ನಾನು, ಇಸವಿಗಾಗಿ ನಿದ್ದೆಗೆಡುವ ನಾನು, ಫಲಕದ ಎಂಬತ್ತು ಬಿಟ್ಟರೆ ಎಂಟು ವರ್ಷದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು. ಸಮಿತಿಯವರು ನನ್ನ ನಿಜಗಳಲ್ಲಿ ಒಂದನ್ನೂ ಮುಟ್ಟದೆ ನೇರವಾಗಿ ಅದನ್ನೇ ಆರಿಸಿಕೊಂಡಿದ್ದರು.

ಜಾಗೀರದಾರರ ಮನೆಗೆ ಹೋದೆ. ಆ ಸಾಲಿಗೆ ಆಧಾರವಿಲ್ಲ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ಅದೇ ಚೀಟಿಯ ಹಿಂದೆ ಅಚ್ಚುಕಟ್ಟಾಗಿ ಉತ್ತರ ಬರೆದರು: ಎಂಟು ವರ್ಷ ಹೇಳಿದ್ದು ತಾನೇ ಆಧಾರ, ಇನ್ನೊಂದು ವಿಷಯ, ಮಾರ್ಗದರ್ಶಕರ ನೇಮಕ ಪ್ರತಿ ಯುಗಾದಿಗೆ ನವೀಕರಣವಾಗತಕ್ಕದ್ದು ಎಂಬುದು ತಮಗೆ ನೆನಪಿರಬಹುದು. ಅವರು ಬೇಸರ ಮಾಡಿಕೊಂಡಿರಲಿಲ್ಲ. ಹೊರಡುವಾಗ ಕೈಗೆ ಬಾಳೆಹಣ್ಣು ಕೊಟ್ಟರು.

ಸರ್ಕಾರದ ನಿಯಮದ ಪ್ರಕಾರ ಜಾಗ ತೆಗೆಯುವ ಮೊದಲು ಜನರ ಆಕ್ಷೇಪಣೆ ಕೇಳಬೇಕು. ಬರವಣಿಗೆಯಲ್ಲಿ ಕೊಡುವ ಕೊನೆಯ ದಿನ, ನೋಟೀಸು ಅಂಟಿಸಿದ ದಿನದ ಹಿಂದಿನ ದಿನವಾಗಿತ್ತು. ಬಾಯಿಂದ ಹೇಳುವವರು ಕೋಟೆ ಓಣಿಯ ಚಾವಡಿಗೆ ಬಂದು ಅಧಿಕಾರಿಯ ಎದುರು ಹೇಳಬಹುದು ಎಂದು ಉದಾರವಾಗಿ ಬರೆದಿದ್ದರು. ಚಾವಡಿಯೇ ಯಾಕೆ ಎಂದರೆ ಅಲ್ಲಿ ಕೆತ್ತನೆಯ ಕಂಬಗಳಿವೆ, ಎರಡು ಫ್ಯಾನಿವೆ.

ಮೊದಲ ಸಭೆ ನಡೆದ ರೀತಿ ಹೀಗೆ. ಹನ್ನೊಂದು ಗಂಟೆಗೆ ಅಧಿಕಾರಿ ಬರುವವರಿದ್ದರು. ಕೋಟೆಯ ಹಿರಿಯರು ಹತ್ತೂ ಕಾಲಿಗೇ ಬಂದು ತಂತಮ್ಮ ಕುರ್ಚಿಯಲ್ಲಿ ಕುಳಿತು, ಎದುರಿಗಿದ್ದ ಅಧಿಕಾರಿಯ ಖಾಲಿ ಪೀಠಕ್ಕೆ ಕೈ ಮುಗಿದು ತಮ್ಮ ಬೆಂಬಲವನ್ನೆಲ್ಲ ಆಡಿ, ಮನೆಗೆ ಹೋಗಿ ಕಾಫಿ ಕುಡಿದು ಬಂದರು. ಹನ್ನೊಂದಕ್ಕೆ ಅವರು ಕೈ ಕಟ್ಟಿ ಸುಮ್ಮನೆ ಕುಳಿತಿದ್ದರೆ ಅವರ ಮಾತು ಗಂಭೀರವಾಗಿ ಮೊಳಗಿತು. ಹರಿಗೋಲು ಓಣಿಯವರು ಬಂದದ್ದು ಹನ್ನೊಂದಕ್ಕೆ. ಅವರಿಗೆ ಕೋಟೆಯ ವಿಷಯ ಗೊತ್ತಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಗೊತ್ತು. ಅಧಿಕಾರಿ ಮುಕ್ಕಾಲು ಗಂಟೆ ಕೂತಿದ್ದು ತಮ್ಮ ಮಾತು ಕೇಳಿಕೊಂಡು ಹೋಗುತ್ತಾನೆ ಎಂದು ನಂಬಿದರು, ಅದೊಂದೇ ತಪ್ಪು. ನಲವತ್ತು ಜನ ಬಾಯಿ ತೆರೆದು, ಕೈ ಎತ್ತಿ, ಎದೆ ತಟ್ಟಿಕೊಂಡರು. ಚಾವಡಿಯಲ್ಲಿ ಫ್ಯಾನಿನ ಕಿರಿಕಿರಿ ಬಿಟ್ಟು ಬೇರೆ ಸದ್ದಿಲ್ಲ. ಅಧಿಕಾರಿ ಇಪ್ಪತ್ತು ನಿಮಿಷ ಅವರನ್ನು ನೋಡಿ, ಆಕ್ಷೇಪಣೆ ಏನೂ ಕೇಳಿಬಂದಿಲ್ಲ ಎಂದು ಬರೆದು ಎದ್ದರು. ಹನ್ನೊಂದೂ ಮುಕ್ಕಾಲಿಗೆ ಚಾವಡಿ ನಡುಗುವಂತೆ ನಲವತ್ತು ಜನರ ಕೂಗು ಎದ್ದಿತು. ಆಗ ಅಲ್ಲಿ ಇದ್ದದ್ದು ಕಸ ಗುಡಿಸುವ ದುರುಗವ್ವ ಒಬ್ಬಳೇ. ಅವಳು ಪೊರಕೆ ಊರಿಕೊಂಡು ಎಲ್ಲವನ್ನೂ ಕೇಳಿದಳಂತೆ, ಬಹಳ ಅನ್ಯಾಯ ಎಂದಳಂತೆ.

ಅವರ ಅದೃಷ್ಟಕ್ಕೆ ಆ ಅಧಿಕಾರಿ ಕಡತಕ್ಕೆ ಸಹಿ ಹಾಕುವ ಮೊದಲೇ ವರ್ಗವಾದರು. ಹೊಸಬರು ಬಂದರು. ಹೊಸಬರು ಹೊಸದಾಗಿ ಕೇಳಬೇಕೆಂಬುದು ನಿಯಮ. ಇನ್ನೊಂದು ಸಭೆಗೆ ದಿನ ಗೊತ್ತಾಯಿತು.

ಅರ್ಜಿಯಲ್ಲಿದ್ದ ನನ್ನ ಸಾಲು ಕೆಳಗಿನ ಓಣಿಗೆಲ್ಲ ಗೊತ್ತಾಗಿತ್ತು, ಆದರೂ ಅಷ್ಟು ದಿನ ಹುಲಿಗೆವ್ವ ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ದಿನವೂ ಪ್ರವಾಸಿಗರನ್ನು ಕರೆದುಕೊಂಡು ಹೋದಾಗ, ಬರ್ರೀ, ಬಂದು ನೋಡ್ರೀ, ಈ ಅಂಗಳ ಇನ್ನ ಸ್ವಲ್ಪ ದಿನ ಇರ್ತದ, ಇದನ್ನ ತಿಂದ ಹುಲ್ಲುಕಡ್ಡಿ ಇಲ್ಲೇ ನಿಂತದ ನೋಡ್ರೀ ಎಂದು ನನ್ನತ್ತ ಬೆರಳು ಮಾಡುತ್ತಿದ್ದಳು. ಪ್ರವಾಸಿಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದಕ್ಕೆ ಸಂಬಳ ಕೊಡುತ್ತಾರೆ. ಸಭೆಗೆ ಎರಡು ದಿನವಿರುವಾಗ ನಾನೊಬ್ಬನೇ ಇಳಿದು ಹೋಗಿ, ಈ ಸಲ ನೀವೂ ಕೋಟೆಯವರ ಹಾಗೆ ಹತ್ತೂ ಕಾಲಿಗೆ ಬಂದು ಹೇಳಬೇಕು, ಚಾವಡಿಯ ಬೀಗದ ಕೈ ನನ್ನ ಬಳಿಯೇ ಇರುತ್ತದೆ, ಕೋಟೆಯವರು ಈ ಸಲ ಮೊದಲೇ ಬಂದು ಹೇಳುವುದಿಲ್ಲ, ಒಮ್ಮೆ ಹೇಳಿದ್ದು ಸಾಕೆಂದಿದ್ದಾರೆ ಎಂದೆ. ನಲವತ್ತು ಜನ ಬೇಡ, ನೀನೊಬ್ಬಳೇ ಹೇಳು, ಎಲ್ಲರೂ ಕೂಗಿದರೆ ಕೇಳಿಸಿದರೂ ತಿಳಿಯುವುದಿಲ್ಲ ಎಂದೂ ಸೇರಿಸಿದೆ.

ಅವಳು ಬಿದಿರು ಸೀಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಈ ಉಪಾಯ ಹೇಳಿದ್ದು ನಿಮ್ಮ ಜಾಗೀರದಾರಗ ಗೊತ್ತಾದ್ರ?”

“ಯುಗಾದಿಗೆ ಮನೀಗೆ ಕಳಸ್ತಾರ.”

“ಹಂಗಾದ್ರ ನಿನಗ ಬಿದಿರು ಸೀಳೂದು ಕಲಸ್ತೀನಿ. ಸೀಳಾಕ ಬಿ.ಎ. ಬೇಕಾಗಂಗಿಲ್ಲ” ಎಂದು ಮತ್ತೆ ಮಚ್ಚು ಎತ್ತಿದಳು.

ಸಭೆಯ ದಿನ ಬೆಳಿಗ್ಗೆ ಹತ್ತು ಗಂಟೆಗೇ ಚಾವಡಿ ತೆರೆದೆ. ಹುಲಿಗೆವ್ವ ಮಡಿಕೆ ಬಿಚ್ಚಿದ ಹಸಿರು ಸೀರೆ ಉಟ್ಟು ಬಂದಳು, ಬೆರಳಿನ ಡಾಂಬರು ಮಾತ್ರ ಹೋಗಿರಲಿಲ್ಲ. ಹತ್ತೂ ಕಾಲಿಗೆ ಪೀಠದ ಎದುರು ನಿಲ್ಲಿಸಿ, ಹೇಳು ಎಂದು ಸನ್ನೆ ಮಾಡಿದೆ. ಅವಳು ಖಾಲಿ ಕುರ್ಚಿಯನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಓಣಿಯ ಗಡಿಯ ಕಲ್ಲು ದಾಟಿದ ಮೇಲೆ ಅವಳ ಮಾತು ಕೇಳಿತು.

“ನನ್ನಿಂದ ಆಗಂಗಿಲ್ಲ, ಮಾಸ್ತರ. ಮಾರಿ ಇಲ್ಲದ ಕುರ್ಚಿಗೆ ಏನಂತ ಹೇಳ್ಲಿ? ನಾ ಹುಟ್ಟಿದಾಗಿಂದ ಒಂದು ಮಾರಿ ನೋಡದ ಮಾತಾಡಿಲ್ಲ. ನೀ ಕುಂದ್ರು ಬಾ ಅದರಾಗ.”

ಅಧಿಕಾರಿಯ ಕುರ್ಚಿಯಲ್ಲಿ ಕೂರುವುದು ಅಪರಾಧವೋ, ಬರೀ ಅಶಿಸ್ತೋ ನನಗೆ ತಿಳಿಯದು. ಯಾವ ನಿಯಮದಲ್ಲಿ ಹುಡುಕಬೇಕು ಎಂದು ಯೋಚಿಸುತ್ತ ನಿಂತಿದ್ದರೆ ಹನ್ನೊಂದಾಗುತ್ತಿತ್ತು. ಹೋಗಿ ಕುಳಿತೆ. ಆಗ ಹತ್ತೂ ಇಪ್ಪತ್ತು. ಹುಲಿಗೆವ್ವ ಎದುರಿಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದಳು. ಸದ್ದಿಲ್ಲ. ತುಟಿಗಳು ಮಾತ್ರ. ಆದರೆ ಎಂಟು ವರ್ಷ ಕೋಟೆಯಲ್ಲಿ ಓಡಾಡಿದವನಿಗೆ ತುಟಿ ಓದಲು ಬರುತ್ತದೆ. ಮೇಲಾಗಿ ಅವಳು ಹೇಳುವುದನ್ನು ನಾನು ತಿಂಗಳಿಂದ ಕೇಳುತ್ತಿದ್ದೆ. ಅಂಗಳದ ಅಳತೆ ಹೇಳಿದಳು, ಹದಿನಾರು ಹರಿಗೋಲು ಎಂದು ಬೆರಳು ಮಡಚಿದಳು, ಈ ನೆಲ ಹೋದರೆ ವರ್ಷದೊಳಗೆ ಹೊಳೆಯ ಮೇಲೆ ಒಂದೂ ಇರುವುದಿಲ್ಲ ಎಂದಳು. ಗಂಡನನ್ನು ಹೊಳೆಯಿಂದ ತಂದು ಆ ಅಂಗಳದಲ್ಲೇ ಮಲಗಿಸಿದ್ದನ್ನು ಹೇಳಿದಳು. ಇದನ್ನು ಅವಳು ನನ್ನೆದುರು ಹಿಂದೆಂದೂ ಹೇಳಿರಲಿಲ್ಲ. ಆಮೇಲೆ ಅವಳು ಅಧಿಕಾರಿಯನ್ನು ಮರೆತಳು. ಎದುರಿಗಿದ್ದ ಮುಖ ನನ್ನದಾಗಿತ್ತು. ತಮ್ಮಾ ಎಂದಳು. ಅರಸರ ಕಾಲದಾಗ ಇಲ್ಲಿ ಏನೂ ಇರಲಿಲ್ಲ ಅಂತ ಅಂದಿಯಲ್ಲ, ಅರಸರು ಹೊಳಿ ಹೆಂಗ ದಾಟಿದ್ರು, ಈಜಿದ್ರೇನು, ನಮ್ಮವರು ಇಲ್ಲಿ ಇರಲಿಲ್ಲ ಅಂತ ನಿನಗ ಯಾರು ಹೇಳಿದ್ರು?

ನನ್ನ ಬಾಯಿ ತಾನಾಗಿ ಚಲಿಸಿತು. ಏನು ಹೇಳಿದೆನೋ ಹೇಳಿದೆ. ಕಿವಿಗೆ ಏನೂ ಬೀಳದಿದ್ದರಿಂದ ಮಾತಾಡಿದೆನೆಂದೇ ನನಗೆ ಅನಿಸಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡ ಹಾಗಿತ್ತು. ಅವಳು ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಮನೆಯ ಕಡೆ ಇಳಿದಳು. ನಾನು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, ಮೊದಲಿದ್ದ ಕೋನಕ್ಕೇ ತಿರುಗಿಸಿ ಇಟ್ಟು, ಕಂಬದ ಹಿಂದೆ ನಿಂತೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಬಂದರು. ಅಧಿಕಾರಿ ದೊಡ್ಡ ಮೀಸೆಯ, ಒಳ್ಳೆಯ ಮೈಕಟ್ಟಿನ ಮನುಷ್ಯ. ಕೋಟೆಗೆ ಬರುವ ಅತಿಥಿಗಳಿಗೆ ಕೊಡುವ ಚೀಟಿಯನ್ನು ಅವರಿಗೂ ಕೊಟ್ಟಿದ್ದರು: ಇಲ್ಲಿ ಮಾತು ಮುಕ್ಕಾಲು ಗಂಟೆ ತಡ, ದಯಮಾಡಿ ಸಹಕರಿಸಿ. ಅವರು ಸಹಕರಿಸುವಂತೆ ಕುಳಿತರು. ಬಲಗಡೆ ಜಾಗೀರದಾರರು. ಎಡಗಡೆ ಪುಟ್ಟ ಮೇಜಿನ ಮುಂದೆ ಸುಗಂಧಾಬಾಯಿ, ಚಾವಡಿಯ ನಡಾವಳಿ ಬರೆಯುವವರು, ಇಪ್ಪತ್ತಾರು ವರ್ಷದಿಂದ. ನಡಾವಳಿ ಬರೆಯುವುದಕ್ಕೆ ಕೋಟೆಯಲ್ಲಿ ಒಂದು ಪದ್ಧತಿ ಇದೆ. ಆಡಿದವರು ಮಾತು ಕೇಳಿಸುವಾಗ ಅಲ್ಲೇ ಇರುತ್ತಾರೆಂಬ ಖಾತ್ರಿ ಇಲ್ಲದ್ದರಿಂದ ಮಾತನ್ನು ಯಾರ ಹೆಸರಿಗೂ ಬರೆಯುವುದಿಲ್ಲ, ಅದು ಹೊರಟ ಜಾಗದ ಹೆಸರಿಗೆ ಬರೆಯುತ್ತಾರೆ. ಮೂರನೆಯ ಕಂಬದ ಬಳಿಯಿಂದ ಹೀಗೆ, ಎಡಸಾಲಿನ ಎರಡನೆಯ ಕುರ್ಚಿಯಿಂದ ಹೀಗೆ, ಪೀಠದಿಂದ ಹೀಗೆ. ಪೀಠದಿಂದ ಬಂದದ್ದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ಅದು ಆದೇಶ. ಪೀಠದವರು ಎದ್ದರೆ ನಡಾವಳಿ ಮುಗಿಯಿತು.

ಈ ಪದ್ಧತಿ ನನಗೆ ಬಾಯಿಪಾಠ. ದಿನಕ್ಕೆರಡು ಸಲ ಪ್ರವಾಸಿಗರಿಗೆ ಹೇಳುತ್ತೇನೆ. ಆದರೂ ಹನ್ನೊಂದೂ ಐದಕ್ಕೆ ಹುಲಿಗೆವ್ವನ ಧ್ವನಿ ಚಾವಡಿಯ ನಡುವಿನಿಂದ ಎದ್ದು, ಒಂದೊಂದು ಮಾತೂ ಸ್ಪಷ್ಟವಾಗಿ ಬರತೊಡಗಿದಾಗ ನನ್ನ ತಲೆಯಲ್ಲಿ ಇದ್ದದ್ದು, ಸದ್ಯ ಸಮಯ ಸರಿಹೋಯಿತು ಎಂಬುದೊಂದೇ. ಅಧಿಕಾರಿ ಯಾರೂ ಇಲ್ಲದ ಜಾಗವನ್ನು ದಿಟ್ಟಿಸಿ ಕೇಳುತ್ತಿದ್ದರು. ಜಾಗೀರದಾರರ ಹುಬ್ಬು ಮೇಲೇರಿತ್ತು. ಗಂಡನ ಮಾತು ಬಂದಾಗ ಸುಗಂಧಾಬಾಯಿಯ ಪೆನ್ನು ಒಂದು ಕ್ಷಣ ನಿಂತು ಮುಂದುವರಿಯಿತು. ತಮ್ಮಾ ಎಂದು ಕರೆಸಿಕೊಂಡಾಗ ಅಧಿಕಾರಿ ಸ್ವಲ್ಪ ಮುಂದಕ್ಕೆ ಬಾಗಿದರು. ಅವರನ್ನು ಹಾಗೆ ಯಾರೂ ಕರೆದು ಬಹಳ ವರ್ಷವಾಗಿರಬೇಕು. ಅರಸರು ಈಜಿದ್ರೇನು ಎಂಬುದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಆಗಲೇ ಕೇಳಿತು. ನಿನಗ ಯಾರು ಹೇಳಿದ್ರು?

ಆಮೇಲೆ ಪೀಠದಿಂದ, ಅಧಿಕಾರಿಯ ಎದೆಯ ಎತ್ತರದಿಂದ, ನಡುಗುವ ಒಂದು ಧ್ವನಿ ಬಂತು.

“ಯಾರೂ ಹೇಳಿಲ್ಲ. ಆ ಮಾತಿಗೆ ಆಧಾರ ಇಲ್ಲ. ಎಲ್ಲೂ ಬರೆದಿಲ್ಲ. ತಪ್ಪು ನನ್ನದೇ, ಅಕ್ಕ. ನಿನ್ನ ಅಂಗಳ ಎಲ್ಲೂ ಹೋಗಬಾರದು. ಅದು ಹಾಗೇ ಇರಬೇಕು.”

ಅದು ನನ್ನದೇ ಧ್ವನಿ. ನಾನು ಕಂಬದ ಮರೆಗೆ ಇನ್ನಷ್ಟು ಸರಿದೆ. ಅಧಿಕಾರಿ ತಮ್ಮ ಅಂಗಿಯ ಗುಂಡಿಯನ್ನು ನೋಡಿಕೊಂಡರು. ಮೇಲೆ ನೋಡಿದರೆ ಚಾವಡಿಯ ಜನರೆಲ್ಲ ಅವರನ್ನೇ ನೋಡುತ್ತಿದ್ದರು. ತಪ್ಪು ನನ್ನದೇ ಎಂದ ಅಧಿಕಾರಿಯನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಎದ್ದು ಕೈ ಮುಗಿದರು. ಅಧಿಕಾರಿ ಒಂದು ಗಳಿಗೆ ಗೊಂದಲದಲ್ಲಿದ್ದು, ಆಮೇಲೆ ನಿಧಾನವಾಗಿ ನೆಟ್ಟಗೆ ಕುಳಿತು ಮೀಸೆ ಸವರಿಕೊಂಡರು. ಈ ಓಣಿಯ ವಿಚಿತ್ರದಲ್ಲಿ ತಾನೇ ಯಾವಾಗಲೋ ಹೇಳಿದ್ದಿರಬಹುದು ಎಂದುಕೊಂಡರೋ, ಬಂದ ಗೌರವವನ್ನು ಬಿಡುವುದೇಕೆ ಎಂದುಕೊಂಡರೋ. ಜಾಗೀರದಾರರು ಎದ್ದು ನಿಂತು ಏನೋ ಬಹಳ ಹೇಳಿದರು. ತುಟಿಯಿಂದ ಓದಿದರೆ ಅದು ಪ್ರತಿಭಟನೆ, ಒಳ್ಳೆಯ ಸಂಸ್ಕೃತ ಶಬ್ದಗಳಿದ್ದ ಪ್ರತಿಭಟನೆ. ಅದಕ್ಕೆ ಮುಕ್ಕಾಲು ಗಂಟೆ ಇತ್ತು.

ಸುಗಂಧಾಬಾಯಿ ಕಪ್ಪು ಪೆನ್ನು ಇಟ್ಟು ಕೆಂಪು ಪೆನ್ನು ತೆಗೆದರು. ಅವರ ಮನೆಯ ಕಿಟಕಿ ಬಾವಿಯ ಪಕ್ಕದಲ್ಲೇ ಇದೆ. ಎಂಟು ವರ್ಷದಿಂದ ದಿನಕ್ಕೆರಡು ಸಲ ಬಾವಿಯ ಆಳವನ್ನು ನನ್ನ ಧ್ವನಿಯಲ್ಲಿ ಕೇಳುತ್ತ ಬಂದವರು. ಪೆನ್ನಿನ ಮುಚ್ಚಳ ತೆಗೆಯುತ್ತ ಅವರು ನಾನಿದ್ದ ಕಂಬದ ಕಡೆಗೆ ಒಮ್ಮೆ ನೋಡಿದರು. ಆಮೇಲೆ ಬರೆದರು.

ಹನ್ನೊಂದೂ ಇಪ್ಪತ್ತಕ್ಕೆ ಅಧಿಕಾರಿ ಎದ್ದು ನಿಂತು, ಕಿಟಕಿಯ ಬಳಿಗೆ ಹೋಗಿ, ಹೊಳೆಯತ್ತ ಕೈ ತೋರಿಸಿ ಸುಮಾರು ಎರಡು ನಿಮಿಷ ಮಾತಾಡಿದರು. ಮೀಸೆ ದಟ್ಟವಾಗಿತ್ತು, ಮುಖ ಆ ಕಡೆಗಿತ್ತು. ನನಗೆ ಒಂದಕ್ಷರವೂ ಓದಲಾಗಲಿಲ್ಲ. ಮಾತು ಮುಗಿಸಿ ಸುಗಂಧಾಬಾಯಿ ಒಡ್ಡಿದ ಹಾಳೆಗೆ ಸಹಿ ಹಾಕಿದರು. ಸಹಿ ಹಾಕುವ ಮೊದಲು ಓದುವುದು ಅವರ ಹುದ್ದೆಯಲ್ಲಿ ಇರುವವರ ಕೆಲಸವಲ್ಲ. ಊಟಕ್ಕೆ ಅತಿಥಿಗೃಹದಲ್ಲಿ ಹೋಳಿಗೆ ಮಾಡಿಸಿದ್ದರು. ಪೀಠ ಎದ್ದಿತು, ಎಲ್ಲರೂ ಹಿಂದೆಯೇ ಹೊರಟರು. ಜಾಗೀರದಾರರೂ ಹೊರಟರು. ತಮ್ಮ ಪ್ರತಿಭಟನೆಯನ್ನು ಕೇಳಲು ಅವರು ನಿಲ್ಲಬಹುದಿತ್ತು, ಆದರೆ ಅಧಿಕಾರಿಯ ಪಕ್ಕದ ಎಲೆ ಬೇರೆಯವರ ಪಾಲಾಗುತ್ತಿತ್ತು.

ಬೀಗ ಹಾಕುವುದು ನನ್ನ ಕೆಲಸ. ಖಾಲಿ ಚಾವಡಿಯಲ್ಲಿ ಕುಳಿತೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ: ಅಧಿಕಾರಿ, ಕಿಟಕಿ, ಹನ್ನೊಂದೂ ಇಪ್ಪತ್ತು. ಎಂದರೆ ಹನ್ನೆರಡೂ ಐದಕ್ಕೆ ಅವರು ನಿಜವಾಗಿ ಹೇಳಿದ್ದು ನನಗೆ ಕೇಳುತ್ತದೆ. ಅಂಗಳ ಉಳಿಸಿ ಎಂದಿದ್ದರೆ ಕೆಂಪು ಶಾಯಿಯದ್ದೂ ಅದೇ, ನಾನು ನಿಶ್ಚಿಂತ. ತೆಗೆಯಿರಿ ಎಂದಿದ್ದರೆ, ಸರ್ಕಾರದ ಕಡತದಲ್ಲಿ ಆದೇಶವಾಗಿ ಕೂತಿರುವುದು ಒಬ್ಬ ಮಾರ್ಗದರ್ಶಕನ ತಪ್ಪೊಪ್ಪಿಗೆ. ಅದು ಗೊತ್ತಾದ ಮೇಲೆ ಸುಮ್ಮನಿರುವ ಜಾತಿಯವನಲ್ಲ ನಾನು. ಅತಿಥಿಗೃಹಕ್ಕೆ ಓಡಿಹೋಗಿ, ಹೋಳಿಗೆಯ ನಡುವೆ ನಿಂತು, ಸ್ವಾಮಿ, ಕುರ್ಚಿಯಲ್ಲಿ ಕೂತಿದ್ದವನು ನಾನು ಎಂದು ಹೇಳಿಯೇ ಹೇಳುತ್ತೇನೆ. ನನಗೆ ನಾನು ಗೊತ್ತು. ಒಂದು ಸುಳ್ಳಿನಿಂದ ಅವಳ ಅಂಗಳ ಹೋಗುವ ಹಾಗಾಯಿತು, ಈಗ ನನ್ನ ಪ್ರಾಮಾಣಿಕತೆಯಿಂದ ಇನ್ನೊಮ್ಮೆ ಹೋಗುತ್ತದೆ.

ಕಿಟಕಿಯ ಬಳಿ ಆ ಜಾಗ ಬರಿದಾಗಿತ್ತು. ಎದ್ದು ಹೋಗಿ ಅಲ್ಲೇ ನಿಂತೆ. ಅಲ್ಲಿಂದ ಹೊಳೆ ಕಾಣುತ್ತಿತ್ತು, ಬೋರಲು ಬಿದ್ದ ಎರಡು ಹರಿಗೋಲುಗಳೂ ಕಾಣುತ್ತಿದ್ದವು. ಕೇಳಿಕೊಂಡು ಹೋಗುವುದು ನನ್ನ ಧರ್ಮ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗೀರದಾರರ ಪ್ರತಿಭಟನೆ ಅವರ ಖಾಲಿ ಕುರ್ಚಿಯ ಬಳಿಯಿಂದ ಬಂದು, ಮೊಳಗಿ, ಮುಗಿಯಿತು. ಹನ್ನೆರಡು ಹೊಡೆಯಿತು. ಮೂರು ನಿಮಿಷದ ಮೇಲೆ ಹೊರಗೆ ಬಂದು, ಬಾಗಿಲೆಳೆದು, ಬೀಗ ಹಾಕಿ, ಜಗ್ಗಿ ನೋಡದೆ ಮೆಟ್ಟಿಲ ಕಡೆಗೆ ನಡೆದೆ. ಬೆನ್ನಹಿಂದೆ ಮುಚ್ಚಿದ ಚಾವಡಿಯೊಳಗೆ ಒಂದು ಗಡಸು ಧ್ವನಿ ಶುರುವಾದ ಹಾಗಾಯಿತು. ನಾನು ಕೆಮ್ಮಿದೆ. ಕೆಮ್ಮು ಕೋಟೆಯಲ್ಲಿ ಆಗಿಂದಾಗಲೇ ಕೇಳುತ್ತದೆ. ಇಳಿಯುವವರೆಗೂ ಕೆಮ್ಮುತ್ತಲೇ ಇದ್ದೆ.

ಹುಲಿಗೆವ್ವ ಹಸಿರು ಸೀರೆಯನ್ನು ಆಗಲೇ ಬದಲಿಸಿ ಕೆಲಸಕ್ಕೆ ಕೂತಿದ್ದಳು. ಹೊಸ ಹರಿಗೋಲಿನ ಅಂಚು ಬಗ್ಗಿಸುವ ಹೊತ್ತು, ಅದಕ್ಕೆ ಇನ್ನೊಂದು ಜೊತೆ ಕೈ ಬೇಕು. ಕೆಂಪು ಶಾಯಿಯಲ್ಲಿ ಬರೆದದ್ದನ್ನು ಹೇಳಿದೆ. ಅದು ಯಾರ ಮಾತು ಎಂಬುದನ್ನೂ ಹೇಳಿದೆ. ಅವಳು ಬಿದಿರಿನ ಅಂಚಿನಿಂದ ಕೈ ತೆಗೆಯದೆ ತಲೆಯೆತ್ತಿದಳು.

“ಮತ್ತ ಸಾಹೇಬ? ಅಂವ ಏನಂದ?”

“ನಾ ಕೇಳಲಿಲ್ಲ.”

“ಕೇಳಸಲಿಲ್ಲೋ, ಕೇಳಲಿಲ್ಲೋ?”

“ಕೇಳಲಿಲ್ಲ, ಅಕ್ಕ. ಬೀಗ ಹಾಕಿ ಬಂದೆ.”

ಅವಳು ನನ್ನ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು. ಆಮೇಲೆ ಬಗ್ಗಿಸಿದ ಬಿದಿರ ತುದಿಯನ್ನು ನನ್ನತ್ತ ಚಾಚಿದಳು.

“ಹಿಡಕೋ. ಎರಡೂ ಕೈಲೆ ಹಿಡಕೋ, ಮಾಸ್ತರ. ಬಿಟ್ಟಿ ಅಂದ್ರ ಮಾರಿಗೆ ಬಡೀತದ.”